ಲೈನ್‌ಮನ್ ಹೆಂಡತಿ ಗ್ಲೌಸಿಗೆ ಹೂ ಮುಡಿಸಿದ್ದು

ಹಾಡಹಗಲಿನಲ್ಲಿ, ನ್ಯಾಮತಿಯ ಪೇಟೆ ಬೀದಿಯಲ್ಲಿ, ಕರೆಂಟ್ ಕಂಬದ ಬುಡದಲ್ಲಿ ನಿಂತ ತನ್ನ ಗಂಡನ ಗಲ್ಲದ ಕೆಳಗೆ ಬೇರೊಬ್ಬ ಹೆಂಗಸು ಕೈ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದುದನ್ನು ಶಿವಲೀಲಾ ಕಣ್ಣಾರೆ ಕಂಡಳು. ಕಂಡವಳೇ ಸ್ಕೂಟಿ ನಿಲ್ಲಿಸಿದಳು. ಲೈನಿಂಗ್ ಬಟ್ಟೆ, ಹುಕ್ಕು, ದಾರ ತರಲು ಹೊರಟಿದ್ದವಳಿಗೆ ತಾನು ಯಾತಕ್ಕೆ ಹೊರಟಿದ್ದೆ ಎಂಬುದೇ ಮರೆತುಹೋಯಿತು.

ಆ ಹೆಂಗಸು ಪಟ್ಟಿಯನ್ನು ಬಿಗಿದಳು. ಪಟ್ಟಿಯ ಸಂದಿಗೆ ಎರಡು ಬೆರಳು ತೂರಿಸಿ ನೋಡಿದಳು. ಆಮೇಲೆ ಸೊಂಟದ ಬೆಲ್ಟಿನ ಕೊಂಡಿ ಹಿಡಿದು ತನ್ನ ಕಡೆಗೆ ಒಮ್ಮೆ ಜೋರಾಗಿ ಜಗ್ಗಿದಳು. ಗುರುಬಸವರಾಜ ಎಂಬ ಆರಡಿ ಆಳು, ಮನೆಯಲ್ಲಿ ಹೆಂಡತಿ ಅಂಗಿಯ ಗುಂಡಿ ಹಾಕಲು ಬಂದರೆ 'ನಾನೇನು ಸಣ್ಣ ಹುಡುಗನಾ' ಎಂದು ಕೈ ತಳ್ಳುವ ಮನುಷ್ಯ, ಎರಡೂ ಕೈ ಮೇಲೆತ್ತಿಕೊಂಡು ಸ್ಕೂಲಿಗೆ ಹೊರಟ ಮಗುವಿನ ಹಾಗೆ ನಿಂತಿದ್ದ. ಸಾಲದ್ದಕ್ಕೆ ನಗುತ್ತಲೂ ಇದ್ದ.

ಸ್ಕೂಟಿಯ ಹಿಂದೆ ಕೂತಿದ್ದ ಪಕ್ಕದ ಮನೆಯ ಹೊನ್ನೂರಮ್ಮ ಇಂಥ ಹೊತ್ತಿನಲ್ಲಿ ಸುಮ್ಮನಿರುವವಳಲ್ಲ.

"ಅದ್ಯಾರೇ ಲೀಲಾ? ನಿನ್ ಗಂಡನ್ನ ಮದುಮಗನ್ನ ಸಿಂಗಾರ ಮಾಡಿದಂಗೆ ಮಾಡಾಕತ್ತಾಳಲ್ಲ!"

ಶಿವಲೀಲಾ ಸ್ಕೂಟಿ ತಿರುಗಿಸಿ ಬಂದ ದಾರಿಯಲ್ಲೇ ಮನೆಗೆ ಹೋದಳು. ಹೊನ್ನೂರಮ್ಮನಿಗೆ ಕೊತ್ತಂಬರಿ ಸೊಪ್ಪು ಕೊಳ್ಳುವುದಿತ್ತು. ಆ ದಿನ ಆ ಮನೆಯ ಸಾರಿಗೆ ಕೊತ್ತಂಬರಿ ಬೀಳಲಿಲ್ಲ.

ಅವಳದು ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ಹೊಟ್ಟೆಕಿಚ್ಚೇ. ಆದರೆ ಅದಕ್ಕೊಂದು ಕಾರಣವಿತ್ತು. ಅದನ್ನು ಕೇಳದೆ ನಗುವುದು ನ್ಯಾಯವಲ್ಲ.

ಶಿವಲೀಲಾ ಚನ್ನಗಿರಿ ತಾಲ್ಲೂಕಿನ ನಲ್ಲೂರಿನವಳು. ಅಪ್ಪ ಮಲ್ಲಿಕಾರ್ಜುನಪ್ಪನದು ಅಲ್ಲಿ ಒಂದು ಸಣ್ಣ ಅಂಗಡಿ. ಸುಗ್ಗಿಯಲ್ಲಿ ಅಡಿಕೆ ಚೀಲಗಳ ಬಾಯಿ ಹೊಲಿಯುವ ಕೆಲಸವೂ ಅಂಗಡಿಯ ಕಟ್ಟೆಯ ಮೇಲೇ ನಡೆಯುತ್ತಿತ್ತು. ಉಳಿದ ಹುಡುಗಿಯರು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿ ಅವಳ ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣವಿತ್ತು. ಆಮೇಲೆ ಹೊಲಿಗೆ ಕಲಿತಳು. ಈಗ ನ್ಯಾಮತಿಯಲ್ಲಿ ಅವಳು ಅಳತೆ ತೆಗೆದ ಬ್ಲೌಸನ್ನು ಮತ್ತೆ ಬಿಚ್ಚಿ ಹೊಲಿಸುವ ಮಾತೇ ಇಲ್ಲ. ಮದುವೆಯಾಗಿ ಬರುವಾಗ ತವರಿನಿಂದ ತಂದ ಸಾಮಾನಿನಲ್ಲಿ ಆ ದಬ್ಬಣವೂ ಒಂದು.

ಕೊಟ್ಟದ್ದು ಲೈನ್‌ಮನ್‌ಗೆ. ಕರೆಂಟ್ ಹೋದರೆ ಊರಿನ ಜನ ಬೈಯುತ್ತಾರೆ. ಲೈನ್‌ಮನ್ ಹೆಂಡತಿ ಮಾತ್ರ ಗಂಡ ಈಗ ಎಲ್ಲಿದ್ದಾನೋ ಎಂದುಕೊಳ್ಳುತ್ತಾಳೆ. ಮದುವೆಯಾದ ಹೊಸತರಲ್ಲಿ ಗುರು ಹೊನ್ನಾಳಿಯಲ್ಲಿದ್ದ. ಕಂಪನಿ ಕೊಟ್ಟ ಹೆಲ್ಮೆಟ್ಟನ್ನು ಬೈಕಿನ ಹ್ಯಾಂಡಲಿಗೆ ನೇತುಹಾಕಿ, ಅದರೊಳಗೆ ಸಂತೆಯ ಬದನೆಕಾಯಿ, ಹಸಿಮೆಣಸಿನಕಾಯಿ ತುಂಬಿಕೊಂಡು ಬರುತ್ತಿದ್ದ. ರಬ್ಬರ್ ಗ್ಲೌಸು ಕಪಾಟಿನ ಮೇಲೆ ದೂಳು ತಿನ್ನುತ್ತ ಬಿದ್ದಿರುತ್ತಿತ್ತು. ಹಾಕಿಕೊಳ್ಳಿ ಎಂದು ಅವಳು ಅತ್ತು ಹೇಳಿದ್ದಳು, ಜಗಳವಾಡಿ ಹೇಳಿದ್ದಳು, ಊಟ ಬಿಟ್ಟು ಹೇಳಿದ್ದಳು. ಅವನದು ಒಂದೇ ಮಾತು.

"ಅದನ್ನ ಹಾಕ್ಕಂಡ್ರೆ ತಲೆ ಕುದಿತೈತೆ ಕಣೇ. ನಂಗೆ ಲೈನಿನ ಮೇಲೆ ಕೈ ಪಳಗೈತೆ, ನೀನು ಸುಮ್ನಿರು."

ಹೀಗೆ ಹೇಳುತ್ತಿದ್ದ ಮನುಷ್ಯ ಈಗ ಹೆಲ್ಮೆಟ್ ಇಲ್ಲದೆ ಕಂಬ ಮುಟ್ಟುವುದಿಲ್ಲ. ಗ್ಲೌಸನ್ನು ಬೇರೆ ಚೀಲದಲ್ಲಿಟ್ಟು ಜೋಪಾನ ಮಾಡುತ್ತಾನೆ. ಅದೂ ಯಾರಿಂದ? ನಿನ್ನೆ ಮೊನ್ನೆ ಬಂದ ಒಬ್ಬಳಿಂದ. ಇಷ್ಟು ವರ್ಷ ತನ್ನ ಕಣ್ಣೀರಿನಿಂದ ಆಗದೇ ಇದ್ದದ್ದು ಆಕೆಯ ಎರಡು ಬೆರಳಿನಿಂದ ಆಯಿತಲ್ಲ ಎನ್ನುವುದೇ ಶಿವಲೀಲಾಳ ಸಂಕಟ. ಗಂಡ ಆಕೆಯ ಹಿಂದೆ ಬಿದ್ದಿದ್ದಾನೆ ಎಂದು ಅವಳು ನಿಜವಾಗಿ ನಂಬಿದ್ದಳೋ ಇಲ್ಲವೋ, ಅದು ಅವಳಿಗೇ ಗೊತ್ತಿರಲಿಲ್ಲ. ಆದರೆ ತನ್ನ ಮಾತಿಗಿಲ್ಲದ ಬೆಲೆ ಆಕೆಯ ಮಾತಿಗೆ ಸಿಕ್ಕಿದ್ದಂತೂ ನಿಜ, ಮತ್ತು ಅದು ಒಳಗೊಳಗೇ ಸುಡುತ್ತಿತ್ತು.

ಸಂಜೆ ಗಂಡ ಬಂದು ಕೈಕಾಲು ತೊಳೆಯುತ್ತಿದ್ದಾಗಲೇ ಶುರು ಮಾಡಿದಳು.

"ಆಕೆ ಯಾರ್ರೀ?"

"ಯಾವಾಕೆ?"

"ಪೇಟೆ ಬೀದೀಲಿ ನಿಮ್ ಗಲ್ಲ ಹಿಡಕಂಡು ನಿಂತಿದ್ಲಲ್ಲ, ಆಕೆ."

ಗುರು ನಕ್ಕುಬಿಟ್ಟ. ನಗಬಾರದಿತ್ತು. "ಓ, ಸುಚಿತ್ರಾ! ನಮ್ ಸೆಕ್ಷನ್ನಿಗೆ ಹೊಸದಾಗಿ ಬಂದಾಳೆ ಕಣೇ, ಜಗಳೂರು ಕಡೆಯಾಕೆ. ಕಂಬ ಹತ್ತಾಕಿಂತ ಮುಂಚೆ ಒಬ್ರದ್ದು ಒಬ್ರು ನೋಡಬೇಕು, ಈಗ ರೂಲ್ಸ್ ಹಂಗೈತೆ. ನಂದು ಆಕೆ ನೋಡ್ತಾಳೆ, ಆಕೇದು ನಾನು ನೋಡ್ತೀನಿ."

ಹೊಸದಾಗಿ ಬಂದಾಳೆ ಎನ್ನುವಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ.

"ಆಕೇದು ನೀವೂ ನೋಡ್ತೀರಾ?"

"ಬೆಲ್ಟು ಕಣೇ! ಹೆಲ್ಮೆಟ್ಟು!"

"ನಾನು ಹೇಳಿದ್ರೆ ನಿಮ್ ತಲೆ ಕುದಿತಿತ್ತು. ಆಕೆ ಹೇಳಿದ್ರೆ ತಂಪಾತಾ?"

ಗುರು ಕೈ ಒರೆಸಿಕೊಂಡು ಊಟಕ್ಕೆ ಕೂತ. ಆ ದಿನ ರೊಟ್ಟಿ ತಟ್ಟಿದ ಸದ್ದು ಹೊನ್ನೂರಮ್ಮನ ಮನೆಯವರೆಗೂ ಕೇಳಿಸಿತು.

ಇದು ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಒಂದು ಸಂಜೆ ಅವಳು ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದಾಗ ಕಿಟಕಿಯಾಚೆ ಹಿತ್ತಿಲಲ್ಲಿ ಗಂಡ ಕಂಡ. ಗ್ಲೌಸಿನ ಬಾಯನ್ನು ಚಪಾತಿ ಸುತ್ತಿದ ಹಾಗೆ ಸುತ್ತಿ ಸುತ್ತಿ, ಅದು ಉಬ್ಬಿದ ಮೇಲೆ ಕೆನ್ನೆಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಹಾಗೇ ಒಂದು ಗಳಿಗೆ ಅಲ್ಲಾಡದೆ ನಿಂತ. ಮುಖದಲ್ಲಿ ಎಂಥ ಶಾಂತಿ, ಎಂಥ ಏಕಾಗ್ರತೆ! ತನ್ನ ಕೆನ್ನೆಗೆ ಈ ಮನುಷ್ಯ ಅಷ್ಟು ಮೆತ್ತಗೆ ಕೆನ್ನೆ ತಾಗಿಸಿದ್ದು ಶಿವಲೀಲಾಳಿಗೆ ನೆನಪಿರಲಿಲ್ಲ. ಆ ಗ್ಲೌಸನ್ನು ಬೆಳಿಗ್ಗೆ ಇನ್ಯಾರ ಕೈ ಮುಟ್ಟಿತ್ತೋ ಎಂಬ ಯೋಚನೆ ಬಂದದ್ದೇ ತಡ, ಮಿಷಿನ್ ಬಿಟ್ಟು ಎದ್ದಳು.

"ಏನ್ರೀ ಅದು ಮಾಡ್ತಿರಾದು?"

ಗುರು ಬೆಚ್ಚಿ ಕಣ್ಣು ಬಿಟ್ಟ. "ಕೆಲಸದ್ದು. ನಿಂಗೆ ತಿಳಿಯಂಗಿಲ್ಲ ಬಿಡು."

"ಆಕೆ ಕಲಿಸಿದ್ಲಾ?"

"ಹೂಂ, ಆಕೇನೇ ಕಲಿಸಿದ್ದು. ಏನೀಗ?"

ಎರಡು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಗ್ಲೌಸಿನೊಳಗೆ ಗಾಳಿ ತುಂಬಿ ಹಿಂಡಿದರೆ, ತೂತಿದ್ದಲ್ಲಿ ಗಾಳಿ ಸೋರುತ್ತದೆ. ಕಣ್ಣಿಗೆ ಕಾಣದ ತೂತು ಕೆನ್ನೆಗೆ ತಿಳಿಯುತ್ತದೆ, ಕಿವಿಗೆ ಕೇಳುತ್ತದೆ. ಇಷ್ಟೇ ವಿಷಯ. ಆದರೆ ಊರಿನ ಯಾವ ಮನೆಗೆ ಯಾವ ಕಂಬದಿಂದ ವೈರು ಬಂದಿದೆ ಎಂದು ಗಂಟೆಗಟ್ಟಲೆ ವಿವರಿಸುವ ಗಂಡಸಿಗೆ ತನ್ನ ಹೆಂಡತಿಗೆ ಎರಡು ಮಾತು ಹೇಳಲು ಬಾಯಿ ಬರಲಿಲ್ಲ. ಅವಳಿಗೂ ಕೇಳುವ ತಾಳ್ಮೆ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ತಟ್ಟೆ ಇಟ್ಟದ್ದು ಸದ್ದು, ಎತ್ತಿದ್ದು ಸದ್ದು. ಕೊನೆಗೆ ಗುರುವೇ ಸೋತು, ಏನು ಮಾಡಬೇಕು ಹೇಳು ಎಂದ.

"ಮಗಳ ತಲೆ ಮೇಲೆ ಕೈಯಿಟ್ಟು ಮಾತು ಕೊಡ್ರಿ. ಆಕೆ ಕೈ ನಿಮ್ ಮೈಗೆ ತಾಗಬಾರದು. ನಿಮ್ ಸಾಮಾನಿಗೂ ತಾಗಬಾರದು. ಆ ರಬ್ಬರ್ ಕೆನ್ನೆಗೆ ಒತ್ಕಂಡು ಕಣ್ ಮುಚ್ಚಾದು ಇವತ್ತಿಗೇ ಕೊನೆ. ಮನೇಲೂ ಇಲ್ಲ, ಕಂಬದ ಹತ್ರಾನೂ ಇಲ್ಲ."

"ಆಯ್ತು ಮಾರಾಯ್ತಿ. ನಿನ್ ಕಾಟ ತಪ್ಪಿದ್ರೆ ಸಾಕು."

ಮಲಗಿದ್ದ ಮಗಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ ಕೂಡ. ಮರುದಿನದಿಂದ ಕಂಬದ ಬುಡದಲ್ಲಿ ಸುಚಿತ್ರಾ ಹತ್ತಿರ ಬಂದರೆ, 'ನಾನೇ ನೋಡ್ಕಂಡೀನಿ, ಬಿಡಮ್ಮ' ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆಕೆಗೆ ಯಾಕೆಂದು ತಿಳಿಯದೆ ಮುಖ ಸಣ್ಣದಾಗುತ್ತಿತ್ತು. ಹೊನ್ನೂರಮ್ಮ ಪೇಟೆಯಿಂದ ಈ ಸುದ್ದಿ ತಂದು ಹೇಳಿದ ದಿನ ಶಿವಲೀಲಾ ಪಾಯಸ ಮಾಡಿದಳು.

ದಸರಾ ಬಂತು. ಮಗಳು ರಜೆಗೆ ನಲ್ಲೂರಿನ ಅಜ್ಜಿ ಮನೆಗೆ ಹೋದಳು. ಪ್ರತಿ ವರ್ಷ ಆಯುಧಪೂಜೆಗೆ ಗುರುವಿನ ಸಾಮಾನೆಲ್ಲ ಆಫೀಸಿನಲ್ಲೇ ಪೂಜೆಯಾಗುತ್ತಿತ್ತು. ಈ ಸಲ ಶಿವಲೀಲಾ ಒಪ್ಪಲಿಲ್ಲ. ಏಣಿ, ಗಾಡಿ ಅವರದು, ಅಲ್ಲಿ ಪೂಜೆಯಾಗಲಿ. ಮೈಮೇಲೆ ಹಾಕಿಕೊಳ್ಳುವುದು ಮನೆಗೆ ಬರಬೇಕು ಎಂದು ಹಠ ಹಿಡಿದಳು. ಆಫೀಸಿನಲ್ಲಿ ಅದಕ್ಕೆ ಕುಂಕುಮ ಇಡುವ ಕೈ ಯಾರದೋ ಏನೋ! ಗುರು ಹೆಲ್ಮೆಟ್ಟು, ಬೆಲ್ಟು, ಕಟಿಂಗ್ ಪ್ಲೇಯರು, ಗ್ಲೌಸು ತಂದು ಒಪ್ಪಿಸಿ, ಆಫೀಸಿನ ಪೂಜೆಗೆ ಹೋದ.

ಶಿವಲೀಲಾ ಹೊಲಿಗೆ ಮಿಷಿನ್ನನ್ನು ಒರೆಸಿ, ವಿಭೂತಿ ಹಚ್ಚಿ, ಅದರ ಮೇಲೆ ಗಂಡನ ಸಾಮಾನು ಜೋಡಿಸಿದಳು. ಗ್ಲೌಸಿನೊಳಗೆ ಚೂರುಬಟ್ಟೆ ತುಂಬಿದಾಗ ಎರಡೂ ಕೈಗಳು ನೆಟ್ಟಗೆ ನಿಂತವು. ಅವಕ್ಕೆ ಹೂ ಮುಡಿಸಲು ಹೋದಳು. ನುಣ್ಣನೆ ರಬ್ಬರಿನ ಮೇಲೆ ಹೂ ನಿಲ್ಲಲಿಲ್ಲ. ದಾರ ಕಟ್ಟಿದರೆ ಜಾರಿತು. ಗಮ್ ಹಚ್ಚಿದರೆ ಹಿಡಿಯಲಿಲ್ಲ. ಆಗ ನೆನಪಾದದ್ದು ತವರಿನ ದಬ್ಬಣ.

ದಪ್ಪ ಗೋಣಿಯನ್ನೇ ದಾಟುವ ದಬ್ಬಣಕ್ಕೆ ರಬ್ಬರ್ ಯಾವ ಲೆಕ್ಕ? ಒಂದೊಂದು ಬೆರಳಿನ ತುದಿಗೂ ಒಂದೊಂದು ಬಿಳಿ ಸೇವಂತಿಗೆ ಹೊಲಿದಳು. ಮಣಿಕಟ್ಟಿನ ಸುತ್ತ ಚೆಂಡುಹೂವಿನ ಬಳೆ ಹೊಲಿದಳು. ನಡುವೆ ಒಮ್ಮೆ ದಬ್ಬಣ ತನ್ನ ಬೆರಳಿಗೇ ಚುಚ್ಚಿತು. ರಕ್ತ ಚೀಪಿಕೊಂಡು ಮುಂದುವರಿಸಿದಳು. ಪಟ್ಟಿ ಬಿಗಿಯುವುದು ಯಾರಿಗೂ ಬರುತ್ತದೆ, ಹೀಗೆ ಸಿಂಗಾರ ಮಾಡಲು ಆಕೆಯ ಕೈಯಲ್ಲಿ ಆದೀತೇ ಎಂದುಕೊಂಡಾಗ ನೋವು ಮರೆತೇಹೋಯಿತು.

ಹೊನ್ನೂರಮ್ಮ ಬಂದು ನೋಡಿ ಕೈ ಮುಗಿದಳು. "ದೇವರ ಕೈ ಇದ್ದಂಗೆ ಅದಾವೆ ಕಣೇ!"

ಗುರು ಬಂದು ನೋಡಿ ಬಾಗಿಲಲ್ಲೇ ನಿಂತ. ಹೊಲಿದದ್ದೋ, ಕಟ್ಟಿದ್ದೋ, ಅವನು ಕೇಳಲಿಲ್ಲ. ಹೂವಿನಡಿ ದಾರವೂ ಕಾಣುತ್ತಿರಲಿಲ್ಲ. "ಏನ್ ಚೆಂದ ಮಾಡೀಯೇ ಲೀಲಾ" ಎಂದಷ್ಟೇ ಹೇಳಿದ. ಬಹಳ ದಿನಗಳ ಮೇಲೆ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದ. ಶಿವಲೀಲಾ ಹೂವಿನ ಕೈಗಳ ಪಕ್ಕ ಅವನನ್ನು ನಿಲ್ಲಿಸಿ ಫೋಟೋ ತೆಗೆದಳು. ಅದನ್ನು ಅವನ ಫೋನಿನಿಂದಲೇ ವಾಟ್ಸಾಪ್ ಸ್ಟೇಟಸ್ ಹಾಕಿದಳು. ನೋಡಬೇಕಾದವರು ನೋಡಿ ಉರಿದುಕೊಳ್ಳಲಿ ಎಂಬುದೇ ಅವಳ ಇರಾದೆ.

ಮರುದಿನ ವಿಜಯದಶಮಿ. ಮಧ್ಯಾಹ್ನದ ಹೋಳಿಗೆ ಊಟ ಮುಗಿಸಿ ಗುರು ಕಣ್ಣು ಮುಚ್ಚಿದ್ದನಷ್ಟೇ, ಫೋನ್ ಬಂತು. ಸೂರಗೊಂಡನಕೊಪ್ಪದ ದಾರಿಯಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಹಿಂದಕ್ಕೆ ತಗೊಳ್ಳುವಾಗ ಕಂಬಕ್ಕೆ ಗುದ್ದಿದೆ, ಕಂಬ ವಾಲಿ ತಂತಿ ಜೋತುಬಿದ್ದಿದೆ. ಹಬ್ಬದ ದಿನ, ಜೊತೆಗೆ ಯಾರೂ ಇಲ್ಲ, ಒಬ್ಬನೇ ಹೊರಟ. ಅವನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಶಿವಲೀಲಾ ಕತ್ತರಿಯಿಂದ ದಾರ ಕತ್ತರಿಸಿ, ಹೂ ಉದುರಿಸಿ, ಕುಂಕುಮ ಒರೆಸಿ ಗ್ಲೌಸನ್ನು ಚೀಲಕ್ಕೆ ಹಾಕಿದಳು. ರಬ್ಬರ್ ತನ್ನಷ್ಟಕ್ಕೆ ಕೂಡಿಕೊಂಡು ಏನೂ ಆಗಿಲ್ಲದ ಹಾಗೆ ನುಣ್ಣಗೆ ಕಾಣುತ್ತಿತ್ತು.

ಗಂಡನ ಬೈಕು ಬೀದಿ ದಾಟಿ ಸ್ವಲ್ಪ ಹೊತ್ತಾಗಿತ್ತು, ಬಾಗಿಲಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಬೆಳಗಿನ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ, ಕೈಯಲ್ಲಿ ಬನ್ನಿ ಎಲೆ ಹಿಡಿದುಕೊಂಡು ಸುಚಿತ್ರಾ ನಿಂತಿದ್ದಳು. ಹತ್ತಿರದಿಂದ ನೋಡಿದರೆ ಇನ್ನೂ ಚಿಕ್ಕ ವಯಸ್ಸು, ಬಿಸಿಲಿಗೆ ಕಂದಿದ ಮುಖ. ಶಿವಲೀಲಾಳಿಗೆ ಅದನ್ನೂ ಸಹಿಸಲಾಗಲಿಲ್ಲ.

"ಬನ್ನಿ ತಗಳ್ರಿ ಅಕ್ಕಾ" ಎಂದು ಆಕೆ ಬಗ್ಗಿ ಕಾಲು ಮುಟ್ಟಲು ಬಂದಳು.

"ಇರಲಿ, ಇರಲಿ. ಅವರು ಮನೇಲಿಲ್ಲ. ಕೊಪ್ಪದ ಕಡೆ ಫಾಲ್ಟ್ ಅಂತ ಹೋಗ್ಯಾರೆ." ಒಳಗೆ ಬನ್ನಿ ಎಂದು ಬಾಯಿ ತಪ್ಪಿಯೂ ಅನ್ನಲಿಲ್ಲ.

"ಅಣ್ಣನ್ ಸ್ಟೇಟಸ್ ನೋಡಿದೆ ಅಕ್ಕಾ. ಅದನ್ನೇ ಕೇಳಾನ ಅಂತ ಬಂದೆ. ಗ್ಲೌಸಿಗೆ ಹೂವು ಹೆಂಗೆ ನಿಲ್ಲಿಸಿದ್ರಿ? ಗಮ್ ಹಾಕಿದ್ರಾ, ದಾರ ಕಟ್ಟಿದ್ರಾ?"

ಶಿವಲೀಲಾಳ ಎದೆ ಉಬ್ಬಿತು. ಸದ್ಯ, ನೋಡಬೇಕಾದವಳು ನೋಡಿದ್ದಾಳೆ; ಉರಿದುಕೊಂಡು ಕೇಳಲೂ ಬಂದಿದ್ದಾಳೆ.

"ಗಮ್ಮು ಗಿಮ್ಮು ಎಲ್ಲಾ ಹೊಲಿಗೆ ಬರದೇ ಇರೋರು ಹಾಕಾದು. ನಾನು ಹೊಲಿದೆ. ದಬ್ಬಣದಾಗೆ. ಹತ್ತೂ ಬೆರಳಿಗೆ."

ಸುಚಿತ್ರಾಳ ಕೈಯಲ್ಲಿದ್ದ ಬನ್ನಿ ಎಲೆಗಳು ಹೊಸ್ತಿಲ ಮೇಲೆ ಬಿದ್ದವು.

"ಅದೇ ಗ್ಲೌಸ್ ತಗಂಡು ಹೋದ್ರಾ?"

"ಮತ್ತೆ? ಇನ್ಯಾವುದು ಐತೆ?"

"ಅಯ್ಯೋ ಅಕ್ಕಾ... ಸೂಜಿಮೊನೆ ಅಷ್ಟು ತೂತಿದ್ರೂ ಕರೆಂಟ್ ಒಳಗೆ ಬರ್ತೈತೆ. ನಮ್ಮಪ್ಪನೂ ಲೈನ್‌ಮನ್ನೇ. ಗ್ಲೌಸನ್ನ ಮನೇಲಿ ಮೊಳೆಗೆ ನೇತಾಕ್ತಿದ್ದ. ಮೊಳೆ ತೂತು ಮಾಡಿದ್ದು ಯಾರಿಗೂ ಕಾಣ್ಲಿಲ್ಲ. ಹಾಕ್ಕಂಡೇ ಲೈನ್ ಮುಟ್ಟಿದ. ಈಗ ಎಡಗೈಲಿ ಉಣ್ತಾನೆ. ಬಲಗೈ ಮೊಣಕೈವರೆಗೂ ಇಲ್ಲ." ಮಾತಾಡುತ್ತಲೇ ಆಕೆ ಫೋನ್ ತೆಗೆದು ಗುರುವಿಗೆ ಹಚ್ಚಿದ್ದಳು. "ಅದಕ್ಕೇ ನಾನು ದಿನಾ ಗಾಳಿ ತುಂಬಿ ನೋಡ್ತಿದ್ದೆ. ಅಣ್ಣಂಗೂ ಕಲಿಸಿದ್ದೆ, ಕೆನ್ನೆಗೆ ಇಟ್ಕಂಡ್ರೆ ತಿಳಿತೈತೆ ಅಂತ. ಈಗೀಗ ಯಾಕೋ ಮುಟ್ಟಾಕೇ ಬಿಡಲ್ಲ, ತಾವೂ ನೋಡಲ್ಲ. ಏನ್ ತಪ್ಪು ಮಾಡಿದೆ ಅಂತ ಗೊತ್ತಿಲ್ಲ."

ಶಿವಲೀಲಾಳಿಗೆ ಹಿತ್ತಿಲಲ್ಲಿ ಕಣ್ಣು ಮುಚ್ಚಿ ನಿಂತ ಗಂಡ ಕಣ್ಮುಂದೆ ಬಂದ. ಅವನು ಕೇಳಿಸಿಕೊಳ್ಳುತ್ತಿದ್ದ! ಅದನ್ನು ಬಿಡಿಸಿದವಳು ತಾನು. ತೂತು ಮಾಡಿದವಳೂ ತಾನು. ಅವನ ಜೀವ ಉಳಿಸುವ ವಸ್ತುವಿಗೆ ತನ್ನ ಕೈಯಾರೆ, ಬೆರಳು ಬೆರಳಿಗೆ, ಸಾವನ್ನು ಹೊಲಿದು ಕಳಿಸಿದ್ದಳು.

ಫೋನ್ ರಿಂಗ್ ಆಗುತ್ತಲೇ ಇತ್ತು. ಗುರು ಎತ್ತಲಿಲ್ಲ.

"ಗಾಡಿ ಹತ್ರಿ ಅಕ್ಕಾ" ಎಂದಳು ಸುಚಿತ್ರಾ.

ಬಾಗಿಲು ಹಾಕುವುದನ್ನೂ ಮರೆತು ಶಿವಲೀಲಾ ಆಕೆಯ ಸ್ಕೂಟರ್ ಹತ್ತಿದಳು. ರಸ್ತೆಯ ಅರ್ಧಭಾಗದ ಉದ್ದಕ್ಕೂ ರೈತರು ಮೆಕ್ಕೆಜೋಳ ಒಣಗಲು ಹರವಿದ್ದರು. ಸುಚಿತ್ರಾ ಅದರ ಅಂಚಿನಲ್ಲೇ ಗಾಡಿ ಓಡಿಸಿದಳು. ಬೀಳುವ ಭಯಕ್ಕೆ ಶಿವಲೀಲಾ ಆಕೆಯ ಸೊಂಟವನ್ನು ಎರಡೂ ಕೈಯಿಂದ ಬಳಸಿ ಹಿಡಿದಿದ್ದಳು. ಈಕೆಯ ಕೈ ತನ್ನ ಗಂಡನನ್ನು ಮುಟ್ಟಬಾರದೆಂದು ಆಣೆ ಹಾಕಿಸಿದ್ದೆನಲ್ಲ ಎಂದು ನೆನೆದು, ಆಕೆಯ ಬೆನ್ನಿಗೆ ಹಣೆ ಒತ್ತಿ ಅತ್ತಳು. ನಡುನಡುವೆ ಒಂದು ಕೈ ಬಿಡಿಸಿ, ಸುಚಿತ್ರಾಳ ಫೋನಿನಿಂದ ಮತ್ತೆ ಮತ್ತೆ ಹಚ್ಚಿದಳು. ರಿಂಗ್ ಆಗುತ್ತಿತ್ತು, ಅಷ್ಟೇ.

ತಿರುವಿನಲ್ಲಿ ಜನ ಕಂಡರು. ವಾಲಿದ ಕಂಬ, ಜೋತುಬಿದ್ದ ತಂತಿ, ತಲೆ ಮೇಲೆ ಕೈ ಹೊತ್ತು ಕೂತ ಟ್ರ್ಯಾಕ್ಟರ್ ಡ್ರೈವರ್. ಅದರಾಚೆ ಟ್ರಾನ್ಸ್‌ಫಾರ್ಮರ್ ಕಂಬ. ಅದರ ಮೈಗೆ ಕಬ್ಬಿಣದ ಉದ್ದ ಹಿಡಿಕೆ. ಆ ಹಿಡಿಕೆ ಎಳೆದರೆ ಲೈನ್ ಆಫ್ ಆಗುತ್ತದೆ. ಗುರು ಫೋನನ್ನು ಬೈಕಿನಲ್ಲೇ ಬಿಟ್ಟು, ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ಅದರ ಕಡೆಗೆ ನಡೆಯುತ್ತಿದ್ದ.

ಸ್ಕೂಟರ್ ನಿಲ್ಲುವ ಮೊದಲೇ ಶಿವಲೀಲಾ ಹಾರಿದಳು. ಬಿದ್ದಳು, ಎದ್ದಳು.

"ರೀ! ಮುಟ್ಟಬ್ಯಾಡ್ರೀ! ಗ್ಲೌಸ್ ತೂತಾಗೈತೆ! ನಾನೇ ತೂತು ಮಾಡೀನಿ!"

ಗುರು ತಿರುಗಿ ನೋಡಿದ. ಕೈ ಹಿಡಿಕೆಯ ಹತ್ತಿರವೇ ಇತ್ತು. ನೆರೆದವರೆಲ್ಲ ಇವಳ ಕಡೆ ನೋಡಿದರು.

"ಹೂವು ಹೊಲಿದೆ ರೀ. ದಬ್ಬಣ ಹಾಕಿ ಹೊಲಿದೆ. ಹಿಂದಕ್ಕೆ ಬರ್ರಿ, ನಿಮ್ ಕಾಲಿಗೆ ಬೀಳ್ತೀನಿ!"

ಅವನು ಒಂದೊಂದೇ ಹೆಜ್ಜೆ ಹಿಂದೆ ಬಂದ. ಸುಚಿತ್ರಾ ಅವನ ಬಲಗೈಯ ಗ್ಲೌಸನ್ನು ಕಳಚಿ, ಬಾಯನ್ನು ಬಿಗಿಯಾಗಿ ಸುತ್ತಿ ಗಾಳಿ ತುಂಬಿ, ಶಿವಲೀಲಾಳ ಕೆನ್ನೆಗೆ ಹಿಡಿದಳು. ಸಣ್ಣ ಸಣ್ಣ ಉಸಿರು ಕೆನ್ನೆಗೆ ತಾಗಿತು. ಪ್ರತಿ ಬೆರಳಿನಿಂದಲೂ ತಾಗಿತು. ಶಿವಲೀಲಾ ಕಣ್ಣು ಮುಚ್ಚಿದಳು.

ಗುರುವಿನ ಚೀಲದಲ್ಲಿ ಕರೆಂಟ್ ಇದ್ದರೆ ಕೂಗುವ ಒಂದು ಕೋಲಿತ್ತು. ಅವಸರದಲ್ಲಿ ಅವನು ಅದನ್ನು ಹೊರಗೇ ತೆಗೆದಿರಲಿಲ್ಲ. ಸುಚಿತ್ರಾ ಸ್ಕೂಟರಿನಲ್ಲಿದ್ದ ತನ್ನ ಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡು, ದೂರ ನಿಂತು, ಅದರ ತುದಿಯನ್ನು ಕಬ್ಬಿಣದ ಹಿಡಿಕೆಯ ಕಡೆಗೆ ಚಾಚಿದಳು. ಮುಟ್ಟುವ ಮೊದಲೇ ಅದು ಕೀ ಎಂದು ಅರಚಿಕೊಂಡಿತು. ತಂತಿ ಜಗ್ಗಿದ ಏಟಿಗೆ ಈ ಕಂಬವೂ ಅಲುಗಿ, ಮೇಲೆ ಕರೆಂಟ್ ತಡೆಯುವ ಪಿಂಗಾಣಿ ಒಡೆದು ಹಿಡಿಕೆಗೂ ಕರೆಂಟ್ ಇಳಿದಿತ್ತು.

ಗುರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಹೆಂಡತಿಗೆ ಬೈಯುತ್ತಾನೆ ಎಂದು ಜನ ಕಾದರು. ಅವನು ಬೈಯಲಿಲ್ಲ.

"ನಾನು ನಿಂಗೆ ಹೇಳಬೇಕಿತ್ತು" ಎಂದ.

ಸುಚಿತ್ರಾ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಅಲ್ಲಿಂದಲೇ ಇಡೀ ಲೈನ್ ಆಫ್ ಮಾಡಿಸಿದಳು. ಕೋಲು ಹಿಡಿದು ಮತ್ತೆ ನೋಡಿದಾಗ ಅದು ಕೂಗಲಿಲ್ಲ. ಇನ್ನು ಯಾರಾದರೂ ಕಂಬ ಹತ್ತಿ ಜೋತುಬಿದ್ದ ತಂತಿಯನ್ನು ಬಿಡಿಸಬೇಕಿತ್ತು. ಆಕೆಯ ಗ್ಲೌಸು ಗುರುವಿನ ಅಗಲವಾದ ಕೈಗೆ ಹಿಡಿಸುವಂತಿರಲಿಲ್ಲ. ಹಾಗಾಗಿ ಆಕೆಯೇ ಹತ್ತಬೇಕು. ಹೆಲ್ಮೆಟ್ ಹಾಕಿಕೊಂಡಳು, ಬೆಲ್ಟ್ ಕಟ್ಟಿಕೊಂಡಳು, ಅಭ್ಯಾಸದಂತೆ ಎರಡೂ ಕೈ ಮೇಲೆತ್ತಿ ನಿಂತಳು. ಯಾರಾದರೂ ನೋಡಬೇಕಲ್ಲ.

ಗುರು ಎದ್ದ. ಎದ್ದವನು ಹೆಂಡತಿಯ ಕಡೆ ನೋಡಿ ಅಲ್ಲೇ ನಿಂತ. ಮಗಳ ತಲೆಯ ಮೇಲೆ ಕೈಯಿಟ್ಟು ಕೊಟ್ಟ ಮಾತು ಅದು.

ಅವನು ಅಲ್ಲಿ, ಆಕೆ ಇಲ್ಲಿ, ನಡುವೆ ಶಿವಲೀಲಾ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಬಂದಳು. ಸುಚಿತ್ರಾಳ ಗಲ್ಲದ ಕೆಳಗೆ ಕೈ ಹಾಕಿ ಪಟ್ಟಿ ಬಿಗಿದಳು.

"ಎಷ್ಟು ಬಿಗಿ ಇರಬೇಕು?"

"ಎರಡು ಬೆರಳು ಹೋಗಬೇಕು ಅಕ್ಕಾ."

ಎರಡು ಬೆರಳು ತೂರಿಸಿ ನೋಡಿದಳು. ಬೆಲ್ಟಿನ ಸುತ್ತ ಕೈಯಾಡಿಸಿ ಹೊಲಿಗೆ ಎಲ್ಲೂ ಬಿಟ್ಟಿಲ್ಲ ಎಂದು ನೋಡಿಕೊಂಡಳು. ಕೊಂಡಿ ಹಿಡಿದು ತನ್ನ ಕಡೆಗೆ ಜಗ್ಗಿದಳು. ಆಮೇಲೆ ಆಕೆಯ ಗ್ಲೌಸುಗಳನ್ನು ಒಂದೊಂದಾಗಿ ಸುತ್ತಿ ಕೆನ್ನೆಗೆ ಇಟ್ಟುಕೊಂಡಳು. ಏನೂ ತಾಗಲಿಲ್ಲ.

"ಹತ್ತು" ಎಂದಳು. ಸುಚಿತ್ರಾ ಕೆಲಸ ಮುಗಿಸಿ ಕೆಳಗಿಳಿದು ನೆಲಕ್ಕೆ ಕಾಲಿಡುವವರೆಗೂ ಮೇಲೆ ನೋಡುತ್ತಲೇ ನಿಂತಿದ್ದಳು.

ತೂತಾದ ಗ್ಲೌಸನ್ನು ಯಾರೂ ಮತ್ತೆ ಹಾಕಿಕೊಳ್ಳದಂತೆ ಹಾಳು ಮಾಡಬೇಕು ಎಂದು ಸುಚಿತ್ರಾ ಹೇಳಿದ್ದಳು. ಆ ಸಂಜೆ ಶಿವಲೀಲಾ ತನ್ನ ಕತ್ತರಿಯಿಂದ ಅದನ್ನು ಚೂರು ಚೂರು ಮಾಡಿದಳು. ಗುರು ನಡೆದದ್ದನ್ನು ನಡೆದ ಹಾಗೆ ಆಫೀಸಿನಲ್ಲಿ ಹೇಳಿ ಬೇರೆ ಜೋಡಿ ತಂದ. ಕೊಟ್ಟ ಮಾತನ್ನು ಅವಳೇ ಬಿಡಿಸಿದಳು, ಮಗಳು ಊರಿಂದ ಬಂದ ಮೇಲೆ ಅದೇ ತಲೆಯ ಮೇಲೆ ಕೈಯಿಡಿಸಿ. ಹೊಸ ಗ್ಲೌಸನ್ನು ಈಗ ದಿನಾ ಬೆಳಿಗ್ಗೆ ಅವಳೂ ಒಮ್ಮೆ ನೋಡಿ ಕಳಿಸುತ್ತಾಳೆ. ಹಿತ್ತಿಲಲ್ಲಿ ರಬ್ಬರನ್ನು ಕೆನ್ನೆಗೊತ್ತಿ ಕಣ್ಣು ಮುಚ್ಚಿ ನಿಂತ ಅವಳನ್ನು ಕಂಡು ಹೊನ್ನೂರಮ್ಮ, ಈ ಮನೆಯವರಿಗೆ ಏನೋ ಆಗಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಹಾಗೆಂದು ಹೊಟ್ಟೆಯ ಉರಿ ಪೂರ್ತಿ ಆರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊನ್ನೆ ಪೇಟೆ ಬೀದಿಯಲ್ಲಿ ಹೋಗುವಾಗ ಅದೇ ಕಂಬದ ಬುಡದಲ್ಲಿ ಇಬ್ಬರೂ ಕಂಡರು. ಗುರು ಕೈ ಮೇಲೆತ್ತಿ ನಿಂತಿದ್ದ, ಸುಚಿತ್ರಾ ಅವನ ಗಲ್ಲದ ಕೆಳಗೆ ಕೈ ಹಾಕಿದ್ದಳು. ಇಬ್ಬರೂ ಏನಕ್ಕೋ ನಗುತ್ತಿದ್ದರು. ಶಿವಲೀಲಾಳಿಗೆ ಮೊದಲಿನ ಹಾಗೆಯೇ ಚುರ್ ಎಂದಿತು. ಸ್ಕೂಟಿ ನಿಲ್ಲಿಸಿದಳು. ಹಿಂದೆ ಕೂತ ಹೊನ್ನೂರಮ್ಮ ಖುಷಿಯಿಂದ ಉಸಿರು ಬಿಗಿಹಿಡಿದಳು.

ಶಿವಲೀಲಾಳ ಕಣ್ಣು ಗಂಡನ ಮುಖದ ಮೇಲಿರಲಿಲ್ಲ, ಪಟ್ಟಿಯ ಮೇಲಿತ್ತು. ಸಂದಿಯಲ್ಲಿ ಮೂರು ಬೆರಳು ಸಲೀಸಾಗಿ ಹೋಗುವಂತೆ ಕಂಡಿತು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು:

"ಏ ಸುಚಿತ್ರಾ! ಸಡಿಲ ಐತೆ, ಇನ್ನೊಂಚೂರು ಬಿಗಿಯಾಗಿ ಹಾಕೇ ಅವರಿಗೆ!"